ಕಡತದ ಮಡಿಕೆಗಳು

ದುದ್ದ ಹೋಬಳಿಯ ಯಾವುದಾದರೂ ಊರಿನ ಪಹಣಿ ಬೇಕೆಂದರೆ ‘ಭೂಮಿ’ ತಂತ್ರಾಂಶ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಒಂದೊಂದಾಗಿ ಕೇಳುತ್ತದೆ. ಬೆಂಗಳೂರಿನ ಕನ್ಸಲ್ಟಿಂಗ್ ಕಂಪನಿಯೊಂದರಲ್ಲಿರುವ ನನ್ನ ಗೆಳೆಯ ಗಿರಾಕಿಗಳ ಸೋರ್ಸ್ ಕೋಡ್ ಜೋಡಿಸಿಡುವುದೂ ಹೀಗೆಯೇ: ಗಿರಾಕಿಯ ಹೆಸರು, ಅದರೊಳಗೆ ಪ್ರಾಜೆಕ್ಟು, ಅದರೊಳಗೆ ಕೋಡು. ಒಬ್ಬರದು ಇನ್ನೊಬ್ಬರದರಲ್ಲಿ ಬೆರೆಯಬಾರದು. ಕೆಲಸ ಬಿಟ್ಟವನ ಜೊತೆ ಲೆಕ್ಕವೂ ಹೊರಟುಹೋಗಬಾರದು. ಈ ಎರಡನೆಯ ಭಯ ನಮ್ಮ ಹಳ್ಳಿಗಳಿಗೆ ಹಳೆಯದು.

ಇಂದು ಕಡತವೆಂದರೆ ಕಚೇರಿಯ ಫೈಲು. ಮೊದಲು ಅದು ಬಟ್ಟೆ. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸತೊಡಗಿದ ಇತಿಹಾಸದಲ್ಲಿ ಇದನ್ನು ವಿವರಿಸಿದ್ದಾನೆ: ಅಡಿಯೊಳಗಿನ ಅಗಲ, 12ರಿಂದ 18 ಅಡಿ ಉದ್ದದ ಅರಿವೆ, ಎರಡೂ ಬದಿಗೆ ಅಂಟು ಮತ್ತು ಇದ್ದಿಲಪುಡಿಯ ಲೇಪ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬರೆಯುವುದು ಬಳಪದಲ್ಲಿ. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಕಾಗದಕ್ಕಿಂತ ಬಾಳಿಕೆ ಹೆಚ್ಚೆಂದು ವಿಲ್ಕ್ಸ್ ಮೆಚ್ಚುತ್ತಾನೆ. ನನಗೆ ಕಾಣುವ ತೊಡಕು ಬೇರೆ. ಒರೆಸಿದ ಸಾಲಿಗೆ ಸಾಕ್ಷಿ ಉಳಿಯುವುದಿಲ್ಲ. ರೈತನಿಗೆ ಉಳಿಯುವುದು ಶಾನುಭೋಗರ ಮಾತೊಂದೇ.

ಆ ಹುದ್ದೆಯೋ ವಂಶಪಾರಂಪರ್ಯದ್ದು. ಲೆಕ್ಕ, ಅದನ್ನು ಓದುವ ವಿದ್ಯೆ, ಊರಿನ ಗುಟ್ಟು, ಮೂರೂ ಒಂದೇ ಮನೆಯಲ್ಲಿ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಯಾದಾಗ ಶಾನುಭೋಗಿಕೆ ಮುಗಿಯಿತು. ವರ್ಗವಾಗುವ ನೌಕರರಾದ ಗ್ರಾಮಲೆಕ್ಕಿಗರು ಬಂದರು. ಪಹಣಿ ಮಾತ್ರ ಕೈಬರಹದ್ದೇ ಆಗಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿತು. ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕಾಯಿತು.

ಪಹಣಿ ಈಗಿನ ಸ್ಥಿತಿ ಹೇಳುತ್ತದೆ. ಅಲ್ಲಿಗೆ ಹೇಗೆ ಬಂತೆಂಬುದನ್ನು ಮ್ಯುಟೇಷನ್ ರಿಜಿಸ್ಟರು, ನಮ್ಮ ಕಡೆಯವರ ಬಾಯಲ್ಲಿ ‘ಎಂ.ಆರ್.’, ಹೇಳುತ್ತದೆ. ಕ್ರಯವೋ ಪೌತಿಯೋ ವಿಭಾಗವೋ, ಪ್ರತಿ ಬದಲಾವಣೆಗೂ ಒಂದು ಸಂಖ್ಯೆ, ತಕರಾರಿಗೆ ಅವಕಾಶ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಕಟ್ಟಿದ ‘ಗಿಟ್’ ಕೋಡಿಗೆ ಮಾಡುವುದೂ ಬಹುಮಟ್ಟಿಗೆ ಇದನ್ನೇ: ಯಾರು, ಯಾವಾಗ, ಏನು ಬದಲಿಸಿದರು. ಗೆಳೆಯನಿಗೆ ಇದನ್ನು ಹೇಳಿದಾಗ ನಕ್ಕ, ಆಮೇಲೆ ಒಪ್ಪಿದ.

ಆದರೆ ಕೈಬರಹದ ತಪ್ಪುಗಳೂ ಅಚ್ಚುಕಟ್ಟಾಗಿಯೇ ಕಂಪ್ಯೂಟರು ಸೇರಿದವು. ಅಪ್ಪನ ಹೆಸರಿನ ಒಂದಕ್ಷರ, ಎರಡು ಗುಂಟೆ ವಿಸ್ತೀರ್ಣ. ಅದಕ್ಕೆ ‘ತಿದ್ದುಪಡಿ’ ಅರ್ಜಿ ಹಿಡಿದು ರೈತರು ತಾಲ್ಲೂಕು ಕಚೇರಿಗೆ ಇವತ್ತಿಗೂ ಅಲೆಯುತ್ತಾರೆ.

ಬಟ್ಟೆಯ ಕಡತಗಳನ್ನು ನೋಡಬೇಕೆಂದವರಿಗೆ ಶೃಂಗೇರಿಯ ದಾರಿಯಿದೆ. ಮಠ ತನ್ನ ಪತ್ರವ್ಯವಹಾರದ ನಕಲುಗಳನ್ನು ಅವುಗಳಲ್ಲಿ ಬರೆಸಿಟ್ಟಿತ್ತು. ಅವು ಯಾವೊಬ್ಬ ಬರಹಗಾರನ ಮನೆಗೂ ಹೋಗಲಿಲ್ಲ, ಮಠದಲ್ಲೇ ಉಳಿದವು.