ಮುಖಕ್ಕೆ ಹಚ್ಚಿದ ಮದ್ದು

ಬೇಲೂರಿಗೆ ಹೋದವರೆಲ್ಲ ದರ್ಪಣಸುಂದರಿಯ ಮುಂದೆ ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ಒಂಬೈನೂರು ವರ್ಷಗಳಿಂದ ಆಕೆ ಕನ್ನಡಿ ಹಿಡಿದು ನಿಂತಿದ್ದಾಳೆ. ನೋಡಿಕೊಂಡು ಇನ್ನೂ ಮುಗಿದಿಲ್ಲ! ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಹುಡುಗಿಯರಲ್ಲಿ ಒಬ್ಬಳಾದರೂ ಕೇಳುತ್ತಾಳೆ: "ಮಿಸ್, ಆ ಕಾಲದಲ್ಲಿ ಮುಖಕ್ಕೆ ಏನು ಹಚ್ತಿದ್ರು?" ಹೊಯ್ಸಳರ ಯುದ್ಧಗಳ ಇಸವಿ ಕೇಳಿದರೆ ತಲೆ ತಗ್ಗಿಸುವ ಈ ಮಕ್ಕಳಿಗೆ ಇದನ್ನು ಕೇಳಲು ಮಾತ್ರ ಮರೆವಿಲ್ಲ. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಆದರೆ ಉತ್ತರವೇ ಇಲ್ಲದ ಪ್ರಶ್ನೆಯೇನೂ ಅಲ್ಲ.

ಆ ಗುಡಿ ಕಟ್ಟಿದ ಹತ್ತು ಹದಿನೈದು ವರ್ಷಗಳಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ಬರೆದ. ಅರಸನಾದವನು ಹೇಗೆ ಆಳಬೇಕು ಎಂಬುದರ ಜೊತೆಗೆ ಹೇಗೆ ಮೀಯಬೇಕು, ಏನು ಪೂಸಿಕೊಳ್ಳಬೇಕು, ಯಾವ ಹೂ ಮುಡಿಯಬೇಕು ಎಂಬುದೂ ಅದರಲ್ಲಿದೆ. ಪರಿಮಳದ ಎಣ್ಣೆಯ ಅಭ್ಯಂಗ, ಸ್ನಾನ, ಋತುವಿಗೆ ತಕ್ಕ ಲೇಪನ ಎಲ್ಲಕ್ಕೂ ಅಲ್ಲಿ ಜಾಗವಿದೆ. ಅದಕ್ಕೂ ನೂರು ವರ್ಷ ಹಿಂದೆ, 1025ರ ಸುಮಾರಿಗೆ, ಕನ್ನಡದಲ್ಲೇ ಬಂದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆ, ಗಿಡಮರಗಳ ಆರೈಕೆಗಳ ಜೊತೆ ಸುಗಂಧ ತಯಾರಿಸುವ ವಿಷಯವೂ ಇದೆ. ಈ ಹಳೆಯ ಪುಸ್ತಕಗಳ ಸೌಂದರ್ಯದ ಮಾತಿನಲ್ಲಿ ದೊಡ್ಡ ಪಾಲು ಮೈಯ ಕೊಳೆ ತೆಗೆಯುವುದಕ್ಕೆ, ಮೈಗೆ ಎಣ್ಣೆಯ ಪಸೆ ಕೊಡುವುದಕ್ಕೆ, ಘಮಘಮ ಎನ್ನುವುದಕ್ಕೆ ಸಲ್ಲುತ್ತದೆ.

ಹಾಗೆಂದು ಬಣ್ಣದ ಆಸೆಯನ್ನು ಇಂಗ್ಲಿಷರೇ ಹಡಗಿನಲ್ಲಿ ತಂದರು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಚರಕಸಂಹಿತೆಯಲ್ಲೇ 'ವರ್ಣ್ಯ' ಎಂದು, ಅಂದರೆ ಮೈಬಣ್ಣಕ್ಕೆ ಹಿತವಾದವು ಎಂದು, ಹತ್ತು ದ್ರವ್ಯಗಳ ಪಟ್ಟಿ ಇದೆ: ಚಂದನ, ಲಾವಂಚ, ಮಂಜಿಷ್ಠ ಇತ್ಯಾದಿ. ಆಸೆ ಹಳೆಯದೇ. ಆದರೆ ದ್ರೌಪದಿಗೆ 'ಕೃಷ್ಣೆ' ಎಂದು ಹೆಸರಿಟ್ಟವರೂ ನಮ್ಮವರೇ. ನಮ್ಮ ಹಳ್ಳಿಗಳ ಹಿರಿಯ ಹೆಂಗಸರು ಸೊಸೆಯನ್ನು ನೋಡಿ ಬಂದು "ಹುಡುಗಿ ಲಕ್ಷಣವಾಗಿದ್ದಾಳೆ" ಎನ್ನುತ್ತಿದ್ದರು. ಲಕ್ಷಣವೆಂಬ ಆ ಮಾತಿನಲ್ಲಿ ಕಣ್ಣು, ಮೂಗು, ನಡೆ, ನಗು ಎಲ್ಲವೂ ಅಡಗಿತ್ತು. "ಬಣ್ಣ ಎಣ್ಣೆಗೆಂಪು" ಎಂದರೆ ಹೊಗಳಿಕೆಯೇ. ಇಂದು ನೋಡಿ ಬಂದವರು ಮೊದಲು ಹೇಳುವುದು ಬಿಳುಪೋ ಕಪ್ಪೋ ಎಂಬುದನ್ನು.

ಇನ್ನು ಅಜ್ಜಿಯ ವಿಷಯ. ಈಚೆಗೆ ಯಾವ ಮದ್ದು ಹೇಳಿದರೂ "ಇದು ಅಜ್ಜಿ ಕಾಲದ್ದು" ಎಂಬ ಮುದ್ರೆ ಒತ್ತಿಬಿಡುತ್ತಾರೆ. ಮೊಡವೆಗೆ ಟೂತ್‌ಪೇಸ್ಟು, ಕತ್ತಿನ ಕಪ್ಪಿಗೆ ಅಡುಗೆ ಸೋಡ, ಮುಖಕ್ಕೆ ನಿಂಬೆರಸ, ಸಕ್ಕರೆ ಹಾಕಿ ಉಜ್ಜಿದ ಟೊಮೇಟೊ! ನನ್ನ ಅಜ್ಜಿ ಇದ್ದಲಿನ ಪುಡಿಯಲ್ಲಿ ಹಲ್ಲುಜ್ಜುತ್ತಿದ್ದವರು. ಟೂತ್‌ಪೇಸ್ಟನ್ನು ಮೊಡವೆಗೆ ಎಲ್ಲಿಂದ ತರಬೇಕು? ಅವರ ಬಚ್ಚಲಿನಲ್ಲಿ ಇದ್ದದ್ದು ಸೀಗೇಪುಡಿ, ಚಿಗರೆಪುಡಿ, ಕಡಲೆಹಿಟ್ಟು, ಒಂದು ಬಟ್ಟಲು ಹರಳೆಣ್ಣೆ. ತಲೆಗೆ ದಾಸವಾಳದ ಎಲೆಯ ಗೊಂಪು. ಎಳೆಮಕ್ಕಳಿಗಾದರೆ ನುಣ್ಣಗೆ ಜರಡಿ ಹಿಡಿದ ಹೆಸರುಹಿಟ್ಟು. ನಿಂಬೆಹಣ್ಣನ್ನು ಅವರು ಚಿತ್ರಾನ್ನಕ್ಕೆ ಹಿಂಡುತ್ತಿದ್ದರು, ಹಿಂಡಿದ ಸಿಪ್ಪೆಯಿಂದ ತಾಮ್ರದ ಚೊಂಬು ಉಜ್ಜುತ್ತಿದ್ದರು. ಚೊಂಬು ಹೊಳೆಯುವುದು ಹುಳಿ ಅದರ ಮೇಲಿನ ಕಿಲುಬನ್ನು ತಿಂದುಹಾಕುವುದರಿಂದ. ಮುಖದ ಮೇಲೆ ಅದು ತಿನ್ನುವುದು ಏನನ್ನು ಎಂದು ಒಂದು ನಿಮಿಷ ಯೋಚಿಸಬೇಡವೇ?

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆಯ ಹಿರಿಮಗಳು ಇದನ್ನು ಮುಖದ ಮೇಲೆ ಹೊತ್ತುಕೊಂಡು ಆರು ತಿಂಗಳು ತಿರುಗಿದಳು. ಪಿ.ಯು.ಸಿ. ಮುಗಿಸಿದ್ದ ಹುಡುಗಿ. ಭಾನುವಾರ ಗಂಡಿನ ಕಡೆಯವರು ನೋಡಲು ಬರುವುದಿತ್ತು. ಯಾರೋ ನೆಂಟರು ಹೇಳಿದರೆಂದು ಬುಧವಾರದಿಂದ ದಿನವೂ ಬೆಳಿಗ್ಗೆ ನಿಂಬೆರಸ ಹಚ್ಚಿಕೊಂಡು, ಅದು ಒಣಗಲೆಂದು ಹಾಗೇ ಬಿಟ್ಟು, ಅಂಗಳದಲ್ಲಿ ರಾಗಿ ಒಣಗಿಸಲು ಕೂತಿದ್ದಾಳೆ. ಶುಕ್ರವಾರ ಕೆನ್ನೆ ಕೆಂಪಗಾಗಿ ಉರಿ ಎದ್ದಿತು. ಶನಿವಾರ ಗುಳ್ಳೆ. ರಸ ಗಲ್ಲದ ಮೇಲೆ ಇಳಿದ ಜಾಡೂ ಗೆರೆ ಎಳೆದಂತೆ ಕಾಣುತ್ತಿತ್ತು. ಬಂದವರು ಉಪ್ಪಿಟ್ಟು ಕಾಫಿ ಮುಗಿಸಿ "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೋದರು. ತಿಳಿಸಲಿಲ್ಲ. ಗುಳ್ಳೆ ಒಣಗಿದ ಮೇಲೆ ಅಲ್ಲೆಲ್ಲ ಕಂದುಗಪ್ಪು ಕಲೆ ನಿಂತಿತು. ಬೆಳ್ಳಗಾಗಲೆಂದು ಹಚ್ಚಿದ್ದು ಇದ್ದ ಬಣ್ಣವನ್ನೂ ಕೆಡಿಸಿತು. ತಾಯಿ ನನ್ನ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ನಿಂಬೆಹಣ್ಣನ್ನ ದೇವರಿಗೇ ಹಾರ ಮಾಡಿ ಹಾಕ್ತೀವಿ ಮೇಡಂನೋರೇ, ಅದು ಸುಡುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ನಿಂಬೆಯ ಜಾತಿಯ ಹಣ್ಣುಗಳಲ್ಲಿ, ಮುಖ್ಯವಾಗಿ ಸಿಪ್ಪೆಯಲ್ಲಿ, ಸೊರಾಲೆನ್ ಎಂಬ ಕುಟುಂಬದ ರಾಸಾಯನಿಕಗಳಿವೆ. ಚರ್ಮದ ಮೇಲೆ ಅವು ಇದ್ದಾಗ ಬಿಸಿಲು ಬಿದ್ದರೆ ಬೆಂಕಿ ಸುಟ್ಟಂತೆ ಗುಳ್ಳೆ ಏಳುತ್ತದೆ, ಹಿಂದೆಯೇ ಕಪ್ಪು ಕಲೆ. ವಿಚಿತ್ರವೆಂದರೆ ಈ ಗುಣವನ್ನೇ ನಮ್ಮ ಹಳೆಯ ವೈದ್ಯರು ಒಳ್ಳೆಯದಕ್ಕೆ ಬಳಸಿದ್ದರು. ತೊನ್ನಿಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲು ಕಾಯಿಸುತ್ತಿದ್ದರು. ಬಾವಂಚಿಯಲ್ಲಿರುವುದೂ ಇದೇ ಸೊರಾಲೆನ್. ಬಿಳಿಯ ಮಚ್ಚೆಗೆ ಬಣ್ಣ ಬರಿಸುವ ವಸ್ತುವನ್ನು ಇಂದು ನಾವು ಬಣ್ಣ ಕಳೆಯುವುದಕ್ಕೆಂದು ಹಚ್ಚುತ್ತಿದ್ದೇವೆ!

ಅದು ಸಾಲದೆಂಬಂತೆ ಹುಳಿಯ ಕಾಟ ಬೇರೆ. ನಮ್ಮ ಚರ್ಮದ ಮೇಲೆ ಸಣ್ಣಗೆ ಹುಳಿಗುಣದ ಒಂದು ಪೊರೆ ಇದೆಯೆಂದು, ಅದು ಮೈಗೆ ಕಾವಲೆಂದು 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನಿನಿ ಎಂಬ ಇಬ್ಬರು ವೈದ್ಯರು ಬರೆದರು. ಹುಳಿ-ಕ್ಷಾರ ಅಳೆಯುವ ಪಿಎಚ್ ಮಾನದಲ್ಲಿ ಅದು ಸುಮಾರು 5. ನಿಂಬೆರಸ 2ರ ಆಸುಪಾಸು. ಅಡುಗೆ ಸೋಡದ ನೀರು 8ಕ್ಕೂ ಮೇಲೆ. ಒಂದಂಕಿ ಇಳಿದರೆ ಹುಳಿ ಹತ್ತುಪಟ್ಟು ಏರಿತು ಎಂದರ್ಥ. ನಮ್ಮ ವಿಜ್ಞಾನದ ಮೇಷ್ಟರು ಪ್ರಯೋಗಶಾಲೆಯ ಬಣ್ಣದ ಕಾಗದ ತಂದು ಹುಡುಗಿಯರ ಮುಂದೆಯೇ ನಿಂಬೆರಸಕ್ಕೆ ಅದ್ದಿ ತೋರಿಸಿದರು. ಆವತ್ತಿನ ಪಾಠ ಯಾರೂ ಆಕಳಿಸದೆ ಕೇಳಿದ ಪಾಠ. ನರಹುಲಿಗೆ ಸುಣ್ಣ, ಸೋಡ ಕಲಸಿ ಇಡುವ ಪದ್ಧತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನರಹುಲಿ ಹೋಗುತ್ತದೆ, ನಿಜ. ಸುತ್ತಲಿನ ಚರ್ಮವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅದು ಹಳೆಯದೇ, ಆದರೂ ಕೆಟ್ಟದ್ದೇ.

ಬಿಳುಪಿನ ಹುಚ್ಚಿಗೆ ಯೂರೋಪಿನ ಸಿರಿವಂತ ಹೆಂಗಸರು ತೆತ್ತ ಬೆಲೆ ಇನ್ನೂ ದೊಡ್ಡದು. ಶತಮಾನಗಳ ಕಾಲ ಅವರು ಮುಖಕ್ಕೆ ಬಳಿದದ್ದು ಸೀಸದ ಬಿಳಿ. ಸೀಸದ ತಗಡನ್ನು ವಿನಿಗರಿನ ಹಬೆಗೆ ಒಡ್ಡಿ, ಮೇಲೆ ಕಟ್ಟುವ ಬಿಳಿಯ ಪುಡಿಯನ್ನು ಕೆರೆದು ತೆಗೆಯುತ್ತಿದ್ದರು. ವೆನಿಸಿನದು ಉತ್ತಮವೆಂದು ಹೆಸರು. ಹಚ್ಚಿದರೆ ಮುಖ ಹಾಲಿನಂತೆ. ಆದರೆ ದಿನ ಕಳೆದಂತೆ ಕೆಳಗಿನ ಚರ್ಮ ಒರಟಾಗಿ ಕಲೆ ಬೀಳುತ್ತಿತ್ತು, ಕಲೆ ಮುಚ್ಚಲು ಇನ್ನಷ್ಟು ದಪ್ಪ ಬಳಿಯುತ್ತಿದ್ದರು. ಲಂಡನ್ನಿನಲ್ಲಿ ಸೌಂದರ್ಯಕ್ಕೆ ಹೆಸರಾಗಿದ್ದ ಮರಿಯಾ ಗನ್ನಿಂಗ್, ಕಾವೆಂಟ್ರಿಯ ಕೌಂಟೆಸ್, 1760ರಲ್ಲಿ ತೀರಿಕೊಂಡಳು. ಮೂವತ್ತು ತುಂಬಿರಲಿಲ್ಲ. ಗಂಡ ಬೇಡವೆಂದರೂ ಬಿಡದೆ ಹಚ್ಚುತ್ತಿದ್ದ ಈ ಬಿಳಿಯೇ ಅವಳನ್ನು ಕೊಂದಿತೆಂದು ಜನ ಆಡಿಕೊಂಡರು. ಇಪ್ಪತ್ತನೆಯ ಶತಮಾನಕ್ಕೆ ಬುದ್ಧಿ ಬಂತೇ? ಮೂವತ್ತರ ದಶಕದಲ್ಲಿ ಫ್ರಾನ್ಸಿನಲ್ಲಿ ಥೋ-ರಾಡಿಯಾ ಎಂಬ ಮುಖದ ಕ್ರೀಮು ಬಂತು. ಅದರಲ್ಲಿ ಇದ್ದದ್ದು ಥೋರಿಯಂ ಮತ್ತು ರೇಡಿಯಂ. ಮುಖ ಬೆಳಗುವುದಕ್ಕೆ ವಿಕಿರಣ!

ನಾವು ನಗುವ ಹಾಗಿಲ್ಲ. ನಮ್ಮಲ್ಲಿ ಈ ಜಾಗಕ್ಕೆ ಪಾದರಸ ಬಂದು ಕೂತಿದೆ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದು ತಯಾರಾಗದಂತೆ ಪಾದರಸ ತಡೆಯುತ್ತದೆ. ಹಾಗಾಗಿ ಹಚ್ಚಿದ ಕೆಲವೇ ದಿನಗಳಲ್ಲಿ ಮುಖ ತಿಳಿಯಾಗುವುದು ಸುಳ್ಳಲ್ಲ, ಮೋಸವಿರುವುದೇ ಅಲ್ಲಿ. ಒಳಗಿಳಿದ ಪಾದರಸ ಮೂತ್ರಪಿಂಡವನ್ನು ಹಿಡಿಯುತ್ತದೆ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಕಂಡರು. ಅವರಲ್ಲಿ 15 ಮಂದಿಯದು ಅಪರೂಪದ ಒಂದು ಪ್ರಭೇದ. ವಿಚಾರಿಸಿದರೆ ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು! ಮುಖಕ್ಕೆ ಹಚ್ಚಿದ್ದಕ್ಕೆ ಕಾಲು ಬಾತು ಆಸ್ಪತ್ರೆ ಸೇರುವುದೆಂದರೆ ಯಾರು ಊಹಿಸಬೇಕು? ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರು ಯಾವುದೂ ಇಲ್ಲದ ಡಬ್ಬಿ ಎಷ್ಟೇ ಅಗ್ಗಕ್ಕೆ ಸಿಗಲಿ, ಯಾವ ದೇಶದ್ದೇ ಆಗಿರಲಿ, ಮನೆಗೆ ತರಬೇಡಿ. ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಸ್ಟೀರಾಯ್ಡ್ ಮುಲಾಮೂ ಇದರ ತಂಗಿಯೇ. ಮೊದಲು ನುಣುಪು, ಆಮೇಲೆ ಚರ್ಮ ತೆಳುವಾಗಿ ಕೆಂಪು, ಮೊಡವೆ, ಮುಖದ ಮೇಲೆ ಕೂದಲು, ಬಿಟ್ಟರೆ ಉರಿ. ವೈದ್ಯರ ಚೀಟಿಯಿಲ್ಲದೆ ಇಂಥವನ್ನು ಮಾರಕೂಡದೆಂದು 2018ರಲ್ಲಿ ಸರ್ಕಾರವೇ ನಿಯಮ ಬಿಗಿ ಮಾಡಿತು. ಚೀಟಿ ಕೇಳುವ ಅಂಗಡಿಯವರು ನಿಮ್ಮೂರಿನಲ್ಲಿ ಎಷ್ಟು ಜನ, ನೀವೇ ಲೆಕ್ಕ ಹಾಕಿ.

ಬಿಳುಪಿನ ಕ್ರೀಮಿನ ವ್ಯಾಪಾರ ನಮ್ಮಲ್ಲಿ ದೊಡ್ಡದಾಗಿ ಬೆಳೆದದ್ದು 1975ರಲ್ಲಿ ಫೇರ್ ಅಂಡ್ ಲವ್ಲಿ ಬಂದ ಮೇಲೆ. 2020ರಲ್ಲಿ ಆ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ನಮ್ಮ ಮದುವೆ ಜಾಹೀರಾತುಗಳಲ್ಲಿ ಮಾತ್ರ "ಬೆಳ್ಳಗಿರುವ" ಹಾಗೇ ಕೂತಿದೆ.

ಹಣೆಯ ಬೊಟ್ಟಿನ ಕಥೆಯೂ ಇದೆ. ಅರಿಸಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುವುದು ನಿಮಗೆ ಗೊತ್ತು. ಹಳೆಯ ಕುಂಕುಮ ಅದೇ. ಆಮೇಲೆ ರಾಸಾಯನಿಕ ಬಣ್ಣದ ಕುಂಕುಮ ಬಂತು, ಅದರ ಹಿಂದೆ ಅಂಟಿಸುವ ಸ್ಟಿಕ್ಕರ್. ಕೆಲವು ಸ್ಟಿಕ್ಕರುಗಳ ಅಂಟಿನಲ್ಲಿರುವ ಒಂದು ರಾಸಾಯನಿಕ ಬಣ್ಣದ ಕಣಗಳನ್ನೇ ಕೊಂದು, ಬೊಟ್ಟಿಟ್ಟ ಜಾಗದಲ್ಲಿ ಬಿಳಿಯ ಮಚ್ಚೆ ಬರಿಸುತ್ತದೆ. ಅದನ್ನು ತೊನ್ನೆಂದು ಬಗೆದು ಬಾಯಿ ಮುಚ್ಚಿಕೊಂಡು ಕೊರಗಿದವರನ್ನು ನಾನು ಕಂಡಿದ್ದೇನೆ. ಹಣೆಯಲ್ಲಿ ನವೆ ಬಂದರೆ, ಬಣ್ಣ ತಿಳಿಯಾದರೆ, ಅಂದೇ ಸ್ಟಿಕ್ಕರ್ ಬಿಟ್ಟು ಚರ್ಮವೈದ್ಯರಿಗೆ ತೋರಿಸಿ. ಹಾಗೆಯೇ ಮದರಂಗಿ. ಗಿಡದ ಮದರಂಗಿ ಗಂಟೆಗಟ್ಟಲೆ ಕೈಯಲ್ಲಿರಬೇಕು, ಕೊಡುವುದು ಕೆಂಗಂದು ಬಣ್ಣ. ಅರ್ಧ ಗಂಟೆಯಲ್ಲಿ ಕಾಡಿಗೆಯಂತೆ ಕಪ್ಪಾಯಿತೆಂದರೆ ಅದರಲ್ಲಿ ಬೇರೇನೋ ಬೆರೆತಿದೆ. ಸಾಮಾನ್ಯವಾಗಿ ತಲೆಗೂದಲಿಗೆ ಹಾಕುವ ಕಪ್ಪು ಬಣ್ಣದ ಪಿಪಿಡಿ ಎಂಬ ವಸ್ತು. ಅಮೆರಿಕದಲ್ಲಿ 1933ರಲ್ಲಿ ರೆಪ್ಪೆಗೂದಲಿನ ಬಣ್ಣವೊಂದರಿಂದ ಹೆಂಗಸರ ಕಣ್ಣು ಹೋದದ್ದು ಇದರಿಂದಲೇ. ಆ ಗಲಾಟೆಯ ಫಲವಾಗಿಯೂ 1938ರಲ್ಲಿ ಅಲ್ಲಿ ಪ್ರಸಾಧನಗಳ ಮೇಲೆ ಕಾನೂನು ಬಂತು. ನಮ್ಮ 1940ರ ಔಷಧ ಕಾಯಿದೆಯೊಳಗೆ ಪ್ರಸಾಧನಗಳು ಸೇರಿದ್ದು 1962ರ ತಿದ್ದುಪಡಿಯಲ್ಲಿ.

ಹಾಗಾದರೆ ಏನನ್ನೂ ಹಚ್ಚಬಾರದೇ ಎಂದು ಕೇಳುವವರಿಗೆ ಮತ್ತೆ ಇತಿಹಾಸವೇ ದಾರಿ ತೋರಿಸುತ್ತದೆ. ಎರಡನೆಯ ಶತಮಾನದ ರೋಮಿನ ವೈದ್ಯ ಗ್ಯಾಲೆನ್ ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿಯ ನೀರು ಕಡೆದು ಒಂದು ಲೇಪ ಮಾಡಿದ್ದನಂತೆ. ಇಂದಿನ ಕೋಲ್ಡ್ ಕ್ರೀಮಿನ ಮೂಲಪುರುಷ ಅದು. ಸೀಸದ ಬಿಳಿ ಹೋಯಿತು, ಇದು ಉಳಿಯಿತು. ಏಕೆಂದರೆ ಇದು ಬಣ್ಣದ ತಂಟೆಗೆ ಹೋಗಲಿಲ್ಲ. ಚರ್ಮದ ನೀರು ಆರಿಹೋಗದಂತೆ ಮೇಲೆ ಮುಚ್ಚಳ ಹಾಕಿತು, ಅಷ್ಟೇ. ನಮ್ಮ ಕೊಬ್ಬರಿ ಎಣ್ಣೆ, 1872ರಲ್ಲಿ ಪೇಟೆಂಟಾದ ವ್ಯಾಸಲೀನು ಮಾಡುವುದೂ ಅದೇ ಕೆಲಸ. ಮೊಡವೆಯ ಮುಖಕ್ಕೆ ಮಾತ್ರ ಎಣ್ಣೆ ಬೇಡ.

ಮೈಸೂರು ಸ್ಯಾಂಡಲ್ ಸೋಪಿನ ಬಗ್ಗೆ ಹೇಳದಿದ್ದರೆ ಕನ್ನಡದ ಓದುಗರು ನನ್ನನ್ನು ಬಿಡುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗದೆ ಉಳಿದಾಗ ನಾಲ್ವಡಿಯವರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಸಿದರು. ಎರಡು ವರ್ಷಕ್ಕೆ ಸೋಪೂ ಬಂತು. ಘಮ ನಮ್ಮ ಹೆಮ್ಮೆ, ಸರಿ. ಆದರೆ ಯಾವ ಸೋಪೇ ಆಗಲಿ ಕ್ಷಾರವೇ. ಚಳಿಗಾಲದಲ್ಲಿ ಚರ್ಮ ಬಿರಿಯುವವರು ಮುಖಕ್ಕೆ ದಿನಕ್ಕೊಂದು ಸಲಕ್ಕಿಂತ ಹೆಚ್ಚು ಸೋಪು ತಾಗಿಸದಿದ್ದರೆ ಒಳ್ಳೆಯದು. ಉಳಿದ ಹೊತ್ತಿಗೆ ತಣ್ಣೀರು ಸಾಕು.

ಬಿಸಿಲಿನ ವಿಷಯದಲ್ಲಿ ನಮ್ಮ ಗದ್ದೆಯ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ನಾಟಿ ಮಾಡುವುದು ಶಾಸ್ತ್ರೀಯವಾಗಿಯೇ ಇದೆ. ಸ್ಕೂಟರಿನ ಹುಡುಗಿಯರು ಮುಖಕ್ಕೆ ದುಪಟ್ಟಾ ಸುತ್ತಿದರೆ ನಗಬೇಡಿ. ಕೊಡೆ ಹಿಡಿಯಿರಿ; ಅನುಕೂಲವಿದ್ದವರು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ. ಹೊಸದಾಗಿ ಏನೇ ಕೊಂಡರೂ, ಮನೆಯಲ್ಲೇ ಅರೆದದ್ದಾದರೂ, ಮೊದಲು ಮೊಣಕೈಯ ಒಳಬದಿಗೆ ಚೂರು ಹಚ್ಚಿ ಎರಡು ದಿನ ಕಾದು ನೋಡಿ. ಒಡೆದ ಹಿಮ್ಮಡಿಗೆ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಇಟ್ಟು, ಒರೆಸಿ, ಪಸೆ ಪೂರ್ತಿ ಆರುವ ಮೊದಲೇ ಕೊಬ್ಬರಿ ಎಣ್ಣೆ ಸವರಿ, ಹಳೆಯ ಹತ್ತಿಯ ಕಾಲುಚೀಲ ಹಾಕಿ ಮಲಗಿ. ನೆಲದ ಮೇಲೆ ಎಣ್ಣೆಗಾಲಿನಲ್ಲಿ ನಡೆದು ಜಾರಬೇಡಿ.