ಭುಜದ ಹಳೆಯ ಕೀಲು ಜಾರುವಿಕೆ ಮತ್ತು ಮೂಳೆ ಮುರಿತ: ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆ

ಜಾರಿದ ಭುಜದ ಕೀಲು ಮೂರು ವಾರಗಳಾದರೂ ಸ್ವಸ್ಥಾನಕ್ಕೆ ಸೇರದಿದ್ದಲ್ಲಿ ಅದನ್ನು ಸಾಮಾನ್ಯವಾಗಿ ಹಳೆಯ ಕೀಲು ಜಾರುವಿಕೆ ಎಂದು ಪರಿಗಣಿಸಲಾಗುತ್ತದೆ. ಬಿದ್ದ ನೋವೆಂದು ಎಣ್ಣೆ ತಿಕ್ಕಿ, ನಾಟಿ ಕಟ್ಟು ಹಾಕಿಸಿ, ಕೈ ಮೇಲೇಳದಿರುವುದು ಕಂಡ ನಂತರ ಆಸ್ಪತ್ರೆಗೆ ಬರುವವರು ಇಂದಿಗೂ ಇದ್ದಾರೆ.

ಇಂತಹ ಕೀಲನ್ನು ಯಾರಿಂದಲೂ ಎಳೆಸಿಕೊಳ್ಳತಕ್ಕದ್ದಲ್ಲ. ಅಷ್ಟರಲ್ಲಿ ಕೀಲಿನ ಸುತ್ತಲಿನ ಪೊರೆ ಮತ್ತು ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಬಳಕೆಯಿಲ್ಲದ ಮೂಳೆಯೂ ದುರ್ಬಲವಾಗಿರುತ್ತದೆ. ಬಲವಂತವಾಗಿ ಎಳೆದಲ್ಲಿ ತೋಳಿನ ಮೂಳೆ ಮುರಿಯುವ, ಕಂಕುಳಿನ ರಕ್ತನಾಳ ಹರಿಯುವ ಹಾಗೂ ನರಕ್ಕೆ ಪೆಟ್ಟಾಗುವ ಅಪಾಯವಿದೆ. ಕೆಲವೇ ವಾರಗಳ ಹಿಂದೆ ಜಾರಿದ, ಆಯ್ದ ಪ್ರಕರಣಗಳಲ್ಲಿ ಮಾತ್ರ ಎಕ್ಸ್-ರೇ ಪರೀಕ್ಷೆಯ ನಂತರ ಅರಿವಳಿಕೆ ನೀಡಿ ಮೂಳೆತಜ್ಞರು ನಿಧಾನವಾಗಿ ಕೂರಿಸಲು ಪ್ರಯತ್ನಿಸುತ್ತಾರೆ.

ಆದರೆ ಶಸ್ತ್ರಚಿಕಿತ್ಸೆಯೊಂದೇ ಉಳಿದ ದಾರಿಯೆಂದು ಭಾವಿಸಬೇಕಾಗಿಲ್ಲ. ವಯೋವೃದ್ಧರಲ್ಲಿ ನೋವು ಅಲ್ಪವಾಗಿದ್ದು, ಉಣ್ಣುವುದು, ಬಟ್ಟೆ ತೊಡುವುದು ಮುಂತಾದ ಕೆಲಸಗಳು ಸಾಗುತ್ತಿದ್ದಲ್ಲಿ, ಕೀಲನ್ನು ಇದ್ದ ಸ್ಥಿತಿಯಲ್ಲಿಯೇ ಬಿಟ್ಟು ನೋವು ನಿವಾರಣೆ ಹಾಗೂ ಫಿಸಿಯೋಥೆರಪಿ ವ್ಯಾಯಾಮ ನೀಡುವುದು ಒಪ್ಪಿತ ಚಿಕಿತ್ಸೆಯಾಗಿದೆ. ಕೈ ಮೊದಲಿನಂತೆ ತಲೆಯ ಮೇಲಕ್ಕೆ ಏಳದಿರಬಹುದು. ಇದನ್ನು ರೋಗಿಗೆ ಮುಂಚಿತವಾಗಿಯೇ ತಿಳಿಸುವುದು ಸೂಕ್ತ. ದೈಹಿಕ ದುಡಿಮೆಯ ಕಿರಿಯ ವಯಸ್ಸಿನವರು ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರೊಡನೆ ಚರ್ಚಿಸಬೇಕು.

ತೋಳಿನ ಮೂಳೆಯ ಮೇಲ್ತುದಿಯ ಮುರಿತಗಳಲ್ಲಿ ಹೆಚ್ಚಿನವು ಸ್ಥಾನದಿಂದ ಅಷ್ಟಾಗಿ ಕದಲಿರುವುದಿಲ್ಲ. ಕುತ್ತಿಗೆಗೆ ಕಟ್ಟುವ ತೂಗುಪಟ್ಟಿಯಲ್ಲಿಯೇ ಕೂಡಿಕೊಳ್ಳುತ್ತವೆ. ಕದಲಿದ ಮುರಿತವಿದ್ದ 250 ರೋಗಿಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಎರಡು ವರ್ಷಗಳ ಅವಧಿಯಲ್ಲಿ ಶಸ್ತ್ರಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಒಂದೆರಡು ವಾರಗಳ ನಂತರ, ವೈದ್ಯರ ಅನುಮತಿಯೊಂದಿಗೆ, ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟು ಗಡಿಯಾರದ ಲೋಲಕದಂತೆ ತೂಗಾಡಿಸುವ ವ್ಯಾಯಾಮವನ್ನು ಆರಂಭಿಸಲಾಗುತ್ತದೆ. ತಿಂಗಳುಗಟ್ಟಲೆ ಕಟ್ಟಿಯೇ ಇಟ್ಟರೆ ಭುಜ ಸೆಟೆದುಕೊಳ್ಳುತ್ತದೆ.

ಮೂರ್ಛೆ ರೋಗದ ಸೆಳೆತ ಅಥವಾ ವಿದ್ಯುತ್ ಆಘಾತದ ನಂತರ ಕೈ ಹೊರಕ್ಕೆ ತಿರುಗದಿದ್ದಲ್ಲಿ ಕೀಲು ಹಿಂದಕ್ಕೆ ಜಾರಿರುವ ಸಂಭವವಿದೆ. ಮುಂಭಾಗದಿಂದ ತೆಗೆದ ಎಕ್ಸ್-ರೇಯಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ. ಇನ್ನೊಂದು ಕೋನದಿಂದಲೂ ತೆಗೆಸುವುದು ಅವಶ್ಯ.

ಬೆರಳುಗಳು ಜೋಮು ಹಿಡಿದಲ್ಲಿ, ಕೈ ತಣ್ಣಗಾದಲ್ಲಿ ಅಥವಾ ಬಿಳಿಚಿಕೊಂಡಲ್ಲಿ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು. ಉಳಿದವರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮೂಳೆತಜ್ಞರನ್ನು ಕಾಣುವಾಗ ಹಳೆಯ ಎಕ್ಸ್-ರೇಗಳನ್ನೂ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೋಂದಣಿಗಾಗಿ ಆಧಾರ್ ಮತ್ತು ಪಡಿತರ ಚೀಟಿಗಳನ್ನೂ ತರತಕ್ಕದ್ದು.