ಬಾವಿಯ ಮೀನೂ ಗಾಜಿನ ಕೊಳವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಗೆ ಜೀವನದಿಯ ಭಾಗ್ಯವಿಲ್ಲ. ಪಾಲಾರ್ ಹೊಳೆಯು ಮಳೆ ಬಂದರೆ ಹರಿಯುತ್ತದೆ, ಬಾರದಿದ್ದರೆ ಬರಿಯ ಮರಳಾಗುತ್ತದೆ. ಈ ಕೊರತೆಯನ್ನು ನಮ್ಮ ಹಿರಿಯರು ಕೆರೆ ಕಟ್ಟಿ, ಬಾವಿ ತೋಡಿ ತುಂಬಿಕೊಂಡರು. ನಿಂತ ನೀರನ್ನು ಕೆಡದಂತೆ ಕಾಪಾಡುವುದು ಈ ಸೀಮೆಯವರಿಗೆ ಹೊಸ ವಿದ್ಯೆಯೇನಲ್ಲ. ಪಟ್ಟಣದ ಮನೆಗಳ ನಡುಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮೀನು ಸಾಕುವ ಹವ್ಯಾಸವನ್ನು ಕಂಡು, ಇದು ಪರದೇಶದ ಶೋಕಿ ಎಂದು ನಗುವವರುಂಟು. ಅದರ ಚರಿತ್ರೆಯನ್ನು ಅರಿತರೆ ಆ ನಗು ತಾನಾಗಿಯೇ ಅಡಗೀತು.

ಮೊದಲಿಗೆ ಶಬ್ದವನ್ನೇ ನೋಡೋಣ. ಸಂಸ್ಕೃತದ 'ಮೀನ' ಎಂಬುದು ದ್ರಾವಿಡ ಭಾಷೆಗಳಿಂದ ಅಲ್ಲಿಗೆ ಹೋದ ಶಬ್ದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಶಬ್ದವಷ್ಟೇ ಅಲ್ಲ, ಶಾಸ್ತ್ರವೂ ನಮ್ಮಲ್ಲಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ 'ಮತ್ಸ್ಯವಿನೋದ'ಕ್ಕೆಂದೇ ಒಂದು ಭಾಗವಿದೆ. ಮೀನುಗಳ ಜಾತಿ, ಅವು ವಾಸಿಸುವ ನೀರು, ಯಾವ ಮೀನನ್ನು ಯಾವ ಮೇವಿನಿಂದ ಒಲಿಸಬೇಕು ಎಂಬುದೆಲ್ಲ ಅಲ್ಲಿ ಬಂದಿದೆ. ಅರಸನ ಉದ್ದೇಶ ಗಾಳ ಹಾಕುವ ಆಟವೇ ಆಗಿದ್ದರೂ, ಮೀನಿನ ಸ್ವಭಾವವನ್ನು ತಿಳಿಯದೆ ಅದರೊಡನೆ ವ್ಯವಹರಿಸಬಾರದೆಂಬ ಅವನ ಪಾಠ ಇಂದಿಗೂ ಸಲ್ಲುತ್ತದೆ.

ಬಣ್ಣದ ಮೀನುಗಳನ್ನು ಅಂದಕ್ಕಾಗಿ ಸಾಕಿ ಬೆಳೆಸಿದ ಕೀರ್ತಿ ಚೀನದವರದು. ಸಾವಿರ ವರ್ಷಗಳ ಹಿಂದೆಯೇ ಅವರು ಹೊಂಬಣ್ಣದ ಮೀನುಗಳನ್ನು ಕೊಳಗಳಲ್ಲಿ ಸಾಕುತ್ತಿದ್ದರು. ಆದರೆ ಗಾಜಿನ ಪಾತ್ರೆಯೊಳಗೆ ನೀರು ಕೆಡದಂತೆ ಮೀನನ್ನು ಬಹುಕಾಲ ಉಳಿಸುವ ಮರ್ಮವು 1850ರ ಸುಮಾರಿಗೆ ಲಂಡನ್ನಿನಲ್ಲಿ ಸ್ಪಷ್ಟವಾಯಿತು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಒಂದು ತೊಟ್ಟಿಯಲ್ಲಿ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಉದ್ದನೆಯ ಎಲೆಯ ನೀರುಗಿಡವನ್ನೂ ಇಟ್ಟನು. ಕೊಳೆತ ಎಲೆಗಳಿಂದ ನೀರು ಕೆಡತೊಡಗಲು, ಅವುಗಳನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟನು. ಗಿಡವು ಮೀನಿಗೆ ಪ್ರಾಣವಾಯುವನ್ನು ಕೊಟ್ಟಿತು, ಹುಳುವು ಕೊಳೆಯನ್ನು ತೆಗೆಯಿತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವೇ ತೆರೆಯಿತು. ನಮ್ಮ ದೇಶದಲ್ಲಿ ಮದರಾಸಿನ ಕಡಲ ತೀರದಲ್ಲಿ 1909ರಲ್ಲಿ, ಮುಂಬಯಿಯಲ್ಲಿ 1951ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ಮತ್ಸ್ಯಾಲಯಗಳು ಆರಂಭವಾದವು.

ಈ ಕಥೆಯ ಒಂದು ಎಳೆ ನಮ್ಮ ಸೀಮೆಯನ್ನೇ ಹಾದು ಹೋಗಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಮೈಸೂರು ದೇಶದ ಬೇಸಾಯ, ಕಸುಬು, ವ್ಯಾಪಾರಗಳನ್ನು ಕಂಡು ವರದಿ ಮಾಡಲೆಂದು ಮದರಾಸಿನಿಂದ ಹೊರಟು, ಬೇತಮಂಗಲದ ಮಾರ್ಗವಾಗಿ ಬೆಂಗಳೂರಿಗೆ ಬಂದನು. ಇಲ್ಲಿಯ ಕೆರೆಗಳನ್ನೂ ಬೆಳೆಗಳನ್ನೂ ಕುರಿತು ಬರೆದ ಈತನೇ ಮುಂದೆ 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಮೈಮೇಲೆ ನೀಲಿ ಪಟ್ಟೆಗಳಿರುವ, ಇಂದು ಜಗತ್ತಿನ ಮನೆಮನೆಯ ತೊಟ್ಟಿಯಲ್ಲೂ ಪ್ರಯೋಗಶಾಲೆಯಲ್ಲೂ ಈಜುವ ಜೀಬ್ರಾ ಮೀನು ಶಾಸ್ತ್ರಲೋಕಕ್ಕೆ ಪರಿಚಯವಾದುದು ಆ ಗ್ರಂಥದಿಂದಲೇ. ಹೊಸಬರಿಗೆ ಇದಕ್ಕಿಂತ ಗಟ್ಟಿಯಾದ ಮೀನು ಇನ್ನೊಂದಿಲ್ಲ, ಅದು ಭಾರತದ್ದೇ.

ಎರಡನೆಯ ಎಳೆ ಇನ್ನೂ ಹತ್ತಿರದ್ದು. ರೇಷ್ಮೆ ನಮ್ಮ ಜಿಲ್ಲೆಯ ಅನ್ನ. ಮಲೇರಿಯಾ ಹರಡಿದಾಗ ಮನೆಯೊಳಗೆ ಡಿ.ಡಿ.ಟಿ. ಹೊಡೆಯಬೇಕೆಂದರೆ ರೈತನು ಒಪ್ಪುವಂತಿರಲಿಲ್ಲ; ಸೊಳ್ಳೆಯೊಡನೆ ರೇಷ್ಮೆಹುಳುವೂ ಸಾಯುತ್ತಿತ್ತು. ಆದುದರಿಂದ 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಬೇರೊಂದು ಉಪಾಯವನ್ನು ಹೂಡಿದರು. ಬಾವಿಗಳಿಗೆ ಗಪ್ಪಿ ಮೀನುಗಳನ್ನೂ ಕುಂಟೆಗಳಿಗೆ ಗಂಬೂಸಿಯ ಮೀನುಗಳನ್ನೂ ಬಿಟ್ಟರು. ನೀರಿನಲ್ಲಿರುವ ಸೊಳ್ಳೆಮರಿಗಳನ್ನು ಇವು ತಿಂದುಹಾಕಿದವು. ರೋಗವು ಬಹುಮಟ್ಟಿಗೆ ಇಳಿಯಿತು, ಹುಳುವಿನ ಮನೆಗೆ ವಿಷದ ಗಾಳಿ ತಾಕಲಿಲ್ಲ. ಅಂಗಡಿಯಲ್ಲಿ ಬಣ್ಣದ ಬಾಲ ಬೀಸುತ್ತ ಮಾರಾಟಕ್ಕಿರುವ ಗಪ್ಪಿಯೂ ಬಾವಿಯ ಆ ಗಪ್ಪಿಯೂ ಒಂದೇ ಜಾತಿಯವು.

ಇನ್ನು ಮನೆಯಲ್ಲಿ ತೊಟ್ಟಿ ಇಡುವ ಕ್ರಮ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ಆರಂಭಕ್ಕೆ ಸಾಕು. ಇದರಲ್ಲಿ ಐವತ್ತು ಲೀಟರಿನಷ್ಟು ನೀರು ಹಿಡಿಯುವುದರಿಂದ ಭಾರ ತಡೆಯುವ ಮೇಜು ಬೇಕು. ನೇರ ಬಿಸಿಲು ಬೀಳಬಾರದು, ಬಿದ್ದರೆ ಪಾಚಿ ಕಟ್ಟುತ್ತದೆ. ತಳಕ್ಕೆ ಚೆನ್ನಾಗಿ ತೊಳೆದ ಕರಿಗಲ್ಲಿನ ಸಣ್ಣ ಜಲ್ಲಿ ಹಾಸಿ, ಮೀನು ಅಡಗಲು ಬಣ್ಣ ಹಚ್ಚದ ಮಾಲೂರಿನ ಹೆಂಚಿನ ಒಂದು ತುಂಡನ್ನು ಇಟ್ಟರಾಯಿತು. ನಲ್ಲಿಯ ನೀರಾದರೆ ಒಂದು ದಿನ ಬಾಯ್ತೆರೆದ ಬಕೆಟ್ಟಿನಲ್ಲಿ ಇಟ್ಟು ಕ್ಲೋರಿನ್ ಹೋಗಗೊಡಬೇಕು. ಕೊಳವೆ ಬಾವಿಯ ನೀರಿಗೂ ರಾತ್ರಿಯೆಲ್ಲ ಗಾಳಿಯಾಡಬೇಕು. ಆ ನೀರಿನ ಗಡಸುತನ ಗಪ್ಪಿಗೆ ಹಿತವೇ. ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ತುಂಬುವುದು ಸರಿಯಲ್ಲ, ಅದರಲ್ಲಿ ಲವಣಾಂಶ ಸಾಲದು.

ಎಲ್ಲಕ್ಕಿಂತ ದೊಡ್ಡ ನಿಯಮ ತಾಳ್ಮೆ. ಮೀನಿನ ಮಲದಿಂದಲೂ ಉಳಿದ ಮೇವಿನಿಂದಲೂ ಅಮೋನಿಯವೆಂಬ ವಿಷ ಹುಟ್ಟುತ್ತದೆ. ಅದನ್ನು ನಿರಪಾಯಗೊಳಿಸುವ ಸೂಕ್ಷ್ಮಜೀವಿಗಳು ಜಲ್ಲಿಯಲ್ಲೂ ಸೋಸುಕದಲ್ಲೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಆದ್ದರಿಂದ ಮೊದಲು ಮೂರು ನಾಲ್ಕು ಮೀನುಗಳನ್ನು ಮಾತ್ರ ಬಿಟ್ಟು, ಮೇವನ್ನು ಚಿಟಿಕೆಯಷ್ಟೇ ಹಾಕಬೇಕು; ಎರಡು ನಿಮಿಷದಲ್ಲಿ ಮುಗಿಯದ ಮೇವು ಹೆಚ್ಚಾಯಿತೆಂದೇ ಅರ್ಥ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು, ಪೂರ್ತಿ ಚೆಲ್ಲಿ ತೊಳೆಯಬಾರದು. ಮಾವಿನ ತೋಟಕ್ಕೆ ಔಷಧಿ ಹೊಡೆದ ಕೈಯನ್ನು ತೊಟ್ಟಿಯೊಳಗೆ ಅದ್ದಲೇಬಾರದು. ಶ್ರೀನಿವಾಸಪುರದವರಿಗೆ ಈ ಮಾತನ್ನು ವಿಶೇಷವಾಗಿ ಹೇಳಬೇಕು. ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ. ತುಳಸಿಗೋ ಕರಿಬೇವಿಗೋ ಎರೆದರೆ ನಮ್ಮ ಬರದ ಸೀಮೆಯಲ್ಲಿ ಒಂದು ಬಿಂದಿಗೆಯೂ ವ್ಯರ್ಥವಾಗದು.

ಕೊನೆಯದಾಗಿ ಒಂದು ಎಚ್ಚರಿಕೆ. ಗಪ್ಪಿ, ಗಂಬೂಸಿಯಗಳು ಅಮೆರಿಕ ಖಂಡಗಳಿಂದ ಬಂದವು. ಬಾವಿಯಲ್ಲಿ ಉಪಕಾರಿಗಳಾದ ಇವು ಕೆರೆಗೆ ಇಳಿದರೆ ನಮ್ಮ ನಾಡಿನ ಕಿರುಮೀನುಗಳ ಮೇವನ್ನೂ ಮೊಟ್ಟೆ ಮರಿಗಳನ್ನೂ ಕಬಳಿಸುತ್ತವೆ. ಗಪ್ಪಿ ಬಿಟ್ಟಿದ್ದಂಥ ಸೇದುವ ಬಾವಿಗಳು ಎಷ್ಟೋ ಕಡೆ ಬತ್ತಿಹೋಗಿವೆ. ಇತ್ತ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರದ ಕೆರೆಯಿಂದ ಮೊದಲ್ಗೊಂಡು ಒಂದೊಂದೇ ಕೆರೆಗೆ ಹರಿದು ಬಂದಿದೆ. ಮತ್ತೆ ನೀರು ಕಂಡ ಆ ಕೆರೆಗಳಿಗೆ ಬೇಡವಾದ ಸಾಕುಮೀನನ್ನು ಸುರಿಯುವುದು ಪುಣ್ಯದ ಕೆಲಸವಲ್ಲ. ಸಾಕಲಾಗದಿದ್ದರೆ ಸಾಕುವವರಿಗೆ ಕೊಡಿರಿ, ಇಲ್ಲವೆ ಅಂಗಡಿಗೆ ಹಿಂದಿರುಗಿಸಿರಿ. ಐವತ್ತು ಲೀಟರು ನೀರನ್ನು ಕೆಡದಂತೆ ಕಾಯಲು ಎಷ್ಟು ಎಚ್ಚರ ಬೇಕೆಂಬುದನ್ನು ಮನೆಯ ಮಕ್ಕಳು ಈ ಗಾಜಿನ ಕೊಳದಿಂದ ಕಲಿತರೆ, ಊರಿನ ಕೆರೆಯ ಬೆಲೆ ಅವರಿಗೆ ತಿಳಿದೀತು.